ಬಳ್ಳಾರಿ ಬಿಸಿಲು, ಸಿರುಗುಪ್ಪದ ದಾರಿ ಮತ್ತು ಎಂಟು ರಬ್ಬರ್ ಉಂಗುರ

ಬಳ್ಳಾರಿಯಲ್ಲಿ ಇರೋದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡು ಬೇಸಿಗೆ ಅಂತ ನಮ್ಮೂರಿನವರೇ ತಮಾಷೆ ಮಾಡಿಕೊಳ್ಳುತ್ತೇವೆ. ಏಪ್ರಿಲ್ ಬಂತೆಂದರೆ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಊರ ನಡುವೆ ನಿಂತಿರುವ ಬಳ್ಳಾರಿ ಗುಡ್ಡ ಹಗಲೆಲ್ಲ ಕುಡಿದ ಕಾವನ್ನು ರಾತ್ರಿ ಊಟದ ಹೊತ್ತಿನವರೆಗೂ ಉಗುಳುತ್ತಲೇ ಇರುತ್ತದೆ. ಈ ಬಿಸಿಲಿಗೆ ಮನುಷ್ಯರು ಹೇಗೋ ಹೊಂದಿಕೊಂಡಿದ್ದೇವೆ. ಮಜ್ಜಿಗೆ ಕುಡೀತೀವಿ, ಮಧ್ಯಾಹ್ನ ಹೊರಗೆ ಬರೋದಿಲ್ಲ. ಆದರೆ ಕಾರಿನ ಬಾನೆಟ್ ಕೆಳಗೆ, ಎಂಜಿನ್ನಿಗೆ ಅಂಟಿಕೊಂಡು ಕೂತಿರುವ ರಬ್ಬರಿಗೆ ಆ ಅನುಕೂಲ ಇಲ್ಲ. ಇದು ಆ ರಬ್ಬರಿನ ಕಥೆ. ಜೊತೆಗೆ ಬಳ್ಳಾರಿಯಿಂದ ಕುರುಗೋಡಿನ ಮೇಲೆ ಹಾದು ಸಿರುಗುಪ್ಪಕ್ಕೆ ಹೋದ ಒಂದು ದಿನದ ಕಥೆ ಕೂಡ.

ಅಪ್ಪನ ಹತ್ತಿರ 2008ರ ಒಂದು ಸಣ್ಣ ಪೆಟ್ರೋಲ್ ಕಾರಿದೆ. ನಾನು ಎಂಜಿನಿಯರಿಂಗ್ ಸೇರುವ ಮೊದಲೇ ಮನೆಗೆ ಬಂದದ್ದು. ಅಪ್ಪ ರಿಟೈರ್ಡ್ ಮೇಷ್ಟ್ರು, ವರ್ಷಕ್ಕೆ ಹೆಚ್ಚು ಓಡಿಸುವುದಿಲ್ಲ. ಆದರೆ ಓಡಿಸುವ ಕಾರಣ ಮಾತ್ರ ದೊಡ್ಡದು. ಸಿರುಗುಪ್ಪದಲ್ಲಿರುವ ನಮ್ಮ ದೊಡ್ಡವ್ವನ ಕಣ್ಣಿಗೆ ಬಳ್ಳಾರಿಯಲ್ಲಿ ಚಿಕಿತ್ಸೆ ನಡೀತಿದೆ. ಅವರನ್ನು ಕರೆತರುವುದು, ಮತ್ತೆ ಬಿಟ್ಟು ಬರುವುದು, ಎರಡೂ ಈ ಕಾರಿನ ಕೆಲಸ. ಬಸ್ಸಿದೆ, ನಿಜ. ಎಂಬತ್ತು ದಾಟಿದವರನ್ನು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಬಸ್ಸಿನಲ್ಲಿ ಕೂರಿಸೋದು ಹೇಗೆ?

ಕಿಟಕಿ ಇಳಿಸಿದರೆ ಹೋಗುವ ವಾಸನೆ

ದಸರಾ ರಜೆಗೆ ಬೆಂಗಳೂರಿನಿಂದ ಊರಿಗೆ ಹೋದಾಗ ಕಾರಿನ ಒಳಗೆ ಪೆಟ್ರೋಲ್ ವಾಸನೆ ಬರುತ್ತಿತ್ತು. ಜೋರಾಗೇನಲ್ಲ, ಹದಿನೈದು ನಿಮಿಷ ನಿಲ್ಲಿಸಿ ಮತ್ತೆ ಹತ್ತಿದಾಗ ಮಾತ್ರ. ಜೊತೆಗೆ ಬಿಸಿ ಎಂಜಿನ್ ಸ್ಟಾರ್ಟ್ ಆಗಲು ಎರಡು ಮೂರು ಸಲ ಕೀ ತಿರುಗಿಸಬೇಕು. ಸಿಗ್ನಲ್‌ನಲ್ಲಿ ನಿಂತರೆ ಐಡಲ್ ಏರುತ್ತಾ ಇಳಿಯುತ್ತಾ ತೂಗುತ್ತಿತ್ತು.

"ಹಳೇ ಗಾಡಿ ಅಂದ್ಮ್ಯಾಲೆ ಇರ್ತೈತಿ. ಕಿಟಕಿ ಇಳಿಸು, ಹೋಗ್ತೈತಿ" ಅಂದರು ಅಪ್ಪ.

ಈ ಮೂರು ಲಕ್ಷಣ ಒಟ್ಟಿಗೆ ಬಂದರೆ ಮೊದಲು ಅನುಮಾನಿಸಬೇಕಾದ್ದು ಇಂಜೆಕ್ಟರ್ ಸುತ್ತಲಿನ ಸೀಲುಗಳನ್ನು. ಕಾರ್ಬ್ಯುರೇಟರ್ ಕಾಲ ಮುಗಿದು ಎಂಪಿಎಫ್‌ಐ ಬಂದ ಮೇಲೆ ನಮ್ಮ ಪೆಟ್ರೋಲ್ ಕಾರುಗಳಲ್ಲಿ ಸಾಮಾನ್ಯವಾಗಿ ಪ್ರತಿ ಸಿಲಿಂಡರಿಗೆ ಒಂದೊಂದು ಇಂಜೆಕ್ಟರ್ ಇರುತ್ತದೆ. ಮೇಲೆ ಪೆಟ್ರೋಲ್ ತರುವ ಫ್ಯೂಯಲ್ ರೈಲ್, ಕೆಳಗೆ ಗಾಳಿ ಹೋಗುವ ಇನ್‌ಟೇಕ್ ಮ್ಯಾನಿಫೋಲ್ಡ್, ನಡುವೆ ಇಂಜೆಕ್ಟರ್. ರೈಲಿನ ಕಡೆ ಒಂದು ಓ-ರಿಂಗ್, ಮ್ಯಾನಿಫೋಲ್ಡ್ ಕಡೆ ಒಂದು ದಪ್ಪ ರಬ್ಬರ್ ಸೀಲು. ನಾಲ್ಕು ಇಂಜೆಕ್ಟರಿಗೆ ಒಟ್ಟು ಎಂಟು ಉಂಗುರ.

ಮೇಲಿನದು ಸುಮಾರು 3 ಬಾರ್ ಒತ್ತಡದ ಪೆಟ್ರೋಲನ್ನು ತಡೆದಿಟ್ಟುಕೊಂಡಿರುತ್ತದೆ. ಅದು ಗಟ್ಟಿಯಾದರೆ ಪೆಟ್ರೋಲ್ ಹೊರಗೆ ಜಿನುಗುತ್ತದೆ. ಕೆಳಗಿನದು ಗಟ್ಟಿಯಾದರೆ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತದೆ, ಐಡಲ್ ತೂಗಾಡುತ್ತದೆ. ಎಂಜಿನ್ ಆಫ್ ಮಾಡಿದ ಕೂಡಲೇ ಬಾನೆಟ್ ಒಳಗೆ ತಣ್ಣಗಾಗುತ್ತದೆ ಅಂದುಕೊಳ್ಳುತ್ತೇವೆ. ಆದರೆ ಕೂಲೆಂಟ್ ತಿರುಗುವುದು ನಿಂತಿರುತ್ತದೆ, ಎದುರುಗಾಳಿಯೂ ಇಲ್ಲ. ಹಾಗಾಗಿ ನಿಲ್ಲಿಸಿದ ಮೊದಲ ಕೆಲವು ನಿಮಿಷ ಅಲ್ಲಿನ ಕಾವು ಏರುತ್ತದೆ. ವಾಸನೆ ಪಾರ್ಕ್ ಮಾಡಿದ ಮೇಲೆ ಬರೋದು ಅದಕ್ಕೇ. ಜಿನುಗಿದ ಪೆಟ್ರೋಲ್, ಕಾದ ಎಂಜಿನ್, ಹಿಂದಿನ ಸೀಟಿನಲ್ಲಿ ಬಾಗಿಲು ತೆಗೆಯಲು ಒದ್ದಾಡುವ ಒಬ್ಬ ಮುದುಕಿ. ಈ ಲೆಕ್ಕ ಕಿಟಕಿ ಇಳಿಸಿದರೆ ಸರಿಹೋಗುವಂಥದ್ದಲ್ಲ.

ಕೌಲ್ ಬಜಾರ್ ಕಡೆಯ ಶೆಡ್ಡು

ಮೇಸ್ತ್ರಿ ಸಿಕ್ಕಿದ್ದು ಕೌಲ್ ಬಜಾರ್ ಕಡೆ, ಜೀನ್ಸ್ ಹೊಲಿಯುವ ಮೆಷಿನ್ನುಗಳ ಸದ್ದಿನ ನಡುವೆ, ತಗಡಿನ ಶೆಡ್ಡೊಂದರಲ್ಲಿ. ಬಳ್ಳಾರಿಗೆ ಇಂಜೆಕ್ಷನ್ ವಿದ್ಯೆ ಹೊಸದಲ್ಲ. ಗದ್ದೆಯ ಟ್ರ್ಯಾಕ್ಟರುಗಳಿಗೆ, ಅದಿರಿನ ಲಾರಿಗಳಿಗೆ ಡೀಸೆಲ್ ಪಂಪು, ನಾಜಲ್ಲು ರಿಪೇರಿ ಮಾಡುವ ಅಂಗಡಿಗಳು ಈ ಊರಲ್ಲಿ ಮೊದಲಿನಿಂದಲೂ ಇವೆ. ಈ ಮೇಸ್ತ್ರಿಯೂ ಲಾರಿ ನಾಜಲ್ಲಿನಿಂದಲೇ ಕೆಲಸ ಕಲಿತವರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿದಾಗ ಲಾರಿಗಳು ಸಾಲಾಗಿ ನಿಂತವು, ಇವರು ಕಾರಿನ ಕಡೆ ಹೊರಳಿದರು.

ಎಂಜಿನಿಯರ್ ಅಂತ ಗೊತ್ತಾದ ಕೂಡಲೇ ಬಳ್ಳಾರಿಯವರು ಹೇಳುವ ಕಥೆಯನ್ನು ಅವರೂ ಹೇಳಿದರು. ಹೈದರಾಲಿ ಒಬ್ಬ ಫ್ರೆಂಚ್ ಎಂಜಿನಿಯರನಿಂದ ಬಳ್ಳಾರಿ ಗುಡ್ಡದ ಕೋಟೆ ಕಟ್ಟಿಸಿದನಂತೆ. ಮುಗಿದ ಮೇಲೆ ನೋಡಿದರೆ ಪಕ್ಕದ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ, ಅಲ್ಲಿಂದ ಕೋಟೆಗೆ ಗುಂಡು ಹಾರಿಸಬಹುದು. ಸಿಟ್ಟಿಗೆದ್ದು ಎಂಜಿನಿಯರನನ್ನು ಕೋಟೆ ಬಾಗಿಲಲ್ಲೇ ನೇಣಿಗೆ ಹಾಕಿಸಿದನಂತೆ. "ಅದಕ್ಕ ಸಾರ್, ನಾವು ಪಕ್ಕದ ಗುಡ್ಡಾನೂ ನೋಡಿಬಿಡ್ತೀವಿ" ಅಂತ ನಗುತ್ತಾ ಇಂಜೆಕ್ಟರಿನ ಜೊತೆಗೆ ಪೆಟ್ರೋಲ್ ಪೈಪು, ಕ್ಲಿಪ್ಪು, ವೈರಿನ ಕನೆಕ್ಟರುಗಳನ್ನೂ ಬೆರಳಿನಿಂದ ಒತ್ತಿ ನೋಡಿದರು. ಎರಡು ಕನೆಕ್ಟರಿನ ಪ್ಲಾಸ್ಟಿಕ್ ಕೊಕ್ಕೆ ಮುಟ್ಟಿದರೆ ಮುರಿಯುವಂತಿತ್ತು.

ಕೆಲಸ ಶುರುವಾಗಿದ್ದು ಮರುದಿನ ಬೆಳಗ್ಗೆ, ಎಂಜಿನ್ ಪೂರ್ತಿ ತಣ್ಣಗಿದ್ದಾಗ. ಮೊದಲು ಫ್ಯೂಯಲ್ ಪಂಪಿನ ಫ್ಯೂಸ್ ಕಿತ್ತು ಎಂಜಿನ್ ಚಾಲೂ ಮಾಡಿದರು. ರೈಲಿನಲ್ಲಿ ಉಳಿದ ಪೆಟ್ರೋಲ್ ಉರಿದು ಎಂಜಿನ್ ತಾನೇ ನಿಂತಿತು. ಅಂದರೆ ಒತ್ತಡ ಇಳಿಯಿತು. ಆಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿದರು. ಶೆಡ್ಡಿನ ಹುಡುಗನಿಗೆ ಬೀಡಿ ಸೇದುವ ಗಿರಾಕಿಗಳನ್ನು ರಸ್ತೆ ಆಚೆ ಕಳಿಸುವ ಡ್ಯೂಟಿ. ಇಂಜೆಕ್ಟರುಗಳ ಬುಡಕ್ಕೆ ಗಾಳಿ ಹೊಡೆದು ಹದಿನೇಳು ವರ್ಷದ ಕೆಂಪು ಧೂಳು ತೆಗೆದರು, ಇಲ್ಲದಿದ್ದರೆ ಅದು ಸೀದಾ ಎಂಜಿನ್ ಒಳಗೆ ಬೀಳುತ್ತದೆ. ಕೊನೆಗೆ ರೈಲಿನ ಬೋಲ್ಟು ಬಿಚ್ಚಿ, ನಾಲ್ಕೂ ಇಂಜೆಕ್ಟರಿನ ಸಮೇತ ಮೆಲ್ಲಗೆ ಎತ್ತಿದರು.

ಮೇಲಿನ ಓ-ರಿಂಗ್ ದುಂಡಗೆ ಇರಬೇಕು. ನಮ್ಮದು ಚಪ್ಪಟೆಯಾಗಿ ಮೂಲೆ ಮೂಡಿತ್ತು. ಅಂಥ ರಬ್ಬರನ್ನು ಒತ್ತಿದರೆ ವಾಪಸ್ ಉಬ್ಬುವುದಿಲ್ಲ. ಕೆಳಗಿನ ಸೀಲನ್ನು ಅವರು ಎರಡು ಬೆರಳಲ್ಲಿ ಬಗ್ಗಿಸಿದ್ದೇ ತಡ, ಟಕ್ಕಂತ ಎರಡು ತುಂಡಾಯಿತು.

"ನೋಡ್ರಿ, ಇದು ರಬ್ಬರ್ ಅಲ್ಲ, ಗಾಜು ಆಗೈತಿ" ಅಂದರು.

ಅಪ್ಪ ಆ ತುಂಡನ್ನು ಕೈಗೆ ತೆಗೆದುಕೊಂಡು ತುಂಬಾ ಹೊತ್ತು ನೋಡಿದರು. ವಾಸನೆ ಹಳೇ ಗಾಡಿಯದ್ದು ಅನ್ನುವ ಮಾತು ಆಮೇಲೆ ಬರಲಿಲ್ಲ.

ಟೇಬಲ್ ಡ್ರಾಯರಿನ ರಬ್ಬರ್ ಬ್ಯಾಂಡು

ಟೇಬಲ್ ಡ್ರಾಯರಿನಲ್ಲಿ ವರ್ಷಗಟ್ಟಲೆ ಬಿದ್ದಿರುವ ರಬ್ಬರ್ ಬ್ಯಾಂಡು ಎಳೆದರೆ ತುಂಡಾಗುತ್ತದಲ್ಲ, ಇಲ್ಲೂ ಆಗೋದು ಹೆಚ್ಚುಕಡಿಮೆ ಅದೇ. ಶಾಖ ಮತ್ತು ಗಾಳಿಯ ಆಮ್ಲಜನಕ ಸೇರಿ ರಬ್ಬರಿನ ಒಳಗಿನ ಸರಪಳಿಗಳನ್ನು ಒಂದಕ್ಕೊಂದು ಇನ್ನಷ್ಟು ಬಿಗಿಯುತ್ತವೆ. ಮೆತ್ತಗಿರಲೆಂದು ಸೇರಿಸಿದ ಎಣ್ಣೆಯಂಥ ವಸ್ತು ನಿಧಾನವಾಗಿ ಹೊರಟುಹೋಗುತ್ತದೆ. ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿದ್ದ ನೈಟ್ರೈಲ್ ರಬ್ಬರಿಗೆ ಪೆಟ್ರೋಲ್ ತಡೆಯುವ ಶಕ್ತಿ ಇದೆ. ಆದರೆ ಎಥೆನಾಲ್ ಬೆರೆತ ಪೆಟ್ರೋಲಿನಲ್ಲಿ ಅದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ, ಮೆತ್ತಗಿಡುವ ವಸ್ತುವನ್ನು ಇನ್ನೂ ಬೇಗ ಕಳೆದುಕೊಳ್ಳುತ್ತದೆ.

ಇಲ್ಲಿ ಇ20 ವಿಷಯ ಬಂದೇ ಬರುತ್ತದೆ. 20 ಶೇಕಡಾ ಎಥೆನಾಲ್ ಇರುವ ಈ ಪೆಟ್ರೋಲನ್ನು ಪ್ರಧಾನಿ ಬಿಡುಗಡೆ ಮಾಡಿದ್ದು 2023ರ ಫೆಬ್ರುವರಿ 6ರಂದು, ಬೆಂಗಳೂರಿನಲ್ಲೇ. ಅದೇ ವರ್ಷ ಏಪ್ರಿಲ್‌ನಿಂದ ಹೊಸ ಕಾರುಗಳ ರಬ್ಬರು, ಪ್ಲಾಸ್ಟಿಕ್ಕು ಇದಕ್ಕೆ ತಡೆಯುವಂತೆ ಬರುತ್ತಿವೆ. 2008ರ ಕಾರಿನ ಕಥೆ ಬೇರೆ. 2025ರ ಆಗಸ್ಟ್‌ನಲ್ಲಿ ಪೆಟ್ರೋಲಿಯಂ ಸಚಿವಾಲಯ ಕೊಟ್ಟ ಸ್ಪಷ್ಟೀಕರಣದಲ್ಲೇ ಒಂದು ಸಾಲಿತ್ತು: ಕೆಲವು ಹಳೆಯ ವಾಹನಗಳಲ್ಲಿ 20,000ದಿಂದ 30,000 ಕಿಲೋಮೀಟರ್ ಓಡಿದ ಮೇಲೆ ಕೆಲ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು, ಅದು ಅಗ್ಗ, ಮಾಮೂಲಿ ಸರ್ವಿಸ್‌ನಲ್ಲೇ ಮಾಡಿಸಬಹುದು ಅಂತ. ವಾಟ್ಸಾಪಿನಲ್ಲಿ ಎಂಜಿನ್ನೇ ಹೋಯಿತು ಅನ್ನುವವರೂ ಇದ್ದಾರೆ, ಏನೂ ಆಗಲ್ಲ ಅನ್ನುವವರೂ ಇದ್ದಾರೆ. ಈ ಸಾಲನ್ನು ಓದಿದವರು ಕಡಿಮೆ.

ನಮ್ಮ ಉಂಗುರಗಳನ್ನು ಗಾಜು ಮಾಡಿದ್ದು ಎಥೆನಾಲೋ, ಬಳ್ಳಾರಿ ಬಿಸಿಲೋ, ವಯಸ್ಸೋ? ಮೇಸ್ತ್ರಿ ಮೂವರನ್ನೂ ಬಿಡಲಿಲ್ಲ. "ಮೂರೂ ಸೇರ್ಯಾವ. ಯಾರ ಪಾಲು ಎಷ್ಟು ಅಂತ ತೂಗಾಕ ಬರಂಗಿಲ್ಲ." ಹದಿನೇಳು ವರ್ಷದ ರಬ್ಬರು ಇ20 ಬರದಿದ್ದರೂ ಬದಲಾಗಬೇಕಿತ್ತು ಅನ್ನೋದು ಮಾತ್ರ ಖಂಡಿತ.

ಹೊಸದು ಹಾಕುವಾಗ ಜಾಣತನ ಬೇಕಾದ್ದು ಒಂದೇ ಕಡೆ. ಅಂಗಡಿಯ ಡಬ್ಬಿಯಲ್ಲಿ ನೂರಾರು ಕಪ್ಪು ಉಂಗುರ ಇರುತ್ತವೆ, ನೋಡಲು ಎಲ್ಲ ಒಂದೇ. ನೀರಿನ ನಲ್ಲಿಗೆ ಹಾಕುವ ಉಂಗುರವೂ ಅಳತೆಗೆ ಸರಿಯಾಗಿ ಕೂರಬಹುದು, ಕೆಲವೇ ದಿನದಲ್ಲಿ ಕೈ ಕೊಡುತ್ತದೆ. ನಮಗೆ ಬೇಕಾದ್ದು ಎಫ್‌ಕೆಎಂ, ವೈಟಾನ್ ಅಂತ ಅಂಗಡಿಯಲ್ಲಿ ಕರೆಯುವ ಫ್ಲೋರಿನ್ ಇರುವ ರಬ್ಬರು. ಅದು ಶಾಖಕ್ಕೂ ಎಥೆನಾಲಿಗೂ ಚೆನ್ನಾಗಿ ತಡೆಯುತ್ತದೆ. ಬಣ್ಣ ನೋಡಿ ನಂಬುವ ಹಾಗಿಲ್ಲ, ಪ್ಯಾಕಿನ ಮೇಲಿನ ಹೆಸರು ಮತ್ತು ಪಾರ್ಟ್ ನಂಬರ್ ನೋಡಬೇಕು. ಎಂಟು ಉಂಗುರಕ್ಕೆ ಕೊಟ್ಟ ದುಡ್ಡಿನಲ್ಲಿ ಬೆಂಗಳೂರಿನಲ್ಲಿ ಇಬ್ಬರು ಹೊಟ್ಟೆ ತುಂಬ ಪಿಜ್ಜಾ ತಿನ್ನಲಾಗುವುದಿಲ್ಲ.

ಜೋಡಿಸುವ ಮೊದಲು ನಾಲ್ಕೂ ಇಂಜೆಕ್ಟರುಗಳ ರೆಸಿಸ್ಟೆನ್ಸ್ ಅಳೆದರು. ಇಂಥ ಕಾರುಗಳಲ್ಲಿ ಅದು ಸುಮಾರು 12ರಿಂದ 16 ಓಮ್ ಇರುತ್ತದೆ, ನಾಲ್ಕೂ ಒಂದಕ್ಕೊಂದು ಹತ್ತಿರ ಇರಬೇಕು. ಹೊಸ ಓ-ರಿಂಗಿಗೆ ಒಂದು ಹನಿ ಶುದ್ಧ ಎಂಜಿನ್ ಆಯಿಲ್ ಸವರಿದರು. ಒಣಗಿದ್ದನ್ನು ಒತ್ತಿ ಹಾಕಿದರೆ ಅಂಚು ಕತ್ತರಿಸಿಹೋಗುತ್ತದೆ. ಕೂರಿಸಿದ ಮೇಲೆ ಪ್ರತಿ ಇಂಜೆಕ್ಟರನ್ನೂ ಬೆರಳಲ್ಲಿ ತಿರುಗಿಸಿ ನೋಡಿದರು. ಸರಾಗ ತಿರುಗಿದರೆ ಸೀಲು ಸರಿ ಕೂತಿದೆ ಎಂದರ್ಥ, ತಿರುಗದಿದ್ದರೆ ಎಲ್ಲೋ ಸಿಕ್ಕಿಕೊಂಡಿದೆ. ಮುರಿಯುವಂತಿದ್ದ ಎರಡು ಕನೆಕ್ಟರುಗಳಿಗೆ ವೈರಿನ ಸಮೇತ ಹೊಸದು ಬಂತು. "ಟ್ಯಾಗ್ ಕಟ್ಟಿದ್ರೂ ನಡೀತೈತಿ, ಆದ್ರ ಮುಂದ ಬಿಚ್ಚಾಂವ ನನ್ನ ಬೈಯ್ತಾನ." ನಮ್ಮ ಆಫೀಸಿನಲ್ಲಿ ಕೋಡ್ ಬರೆಯುವವರು ಗೋಡೆಗೆ ಅಂಟಿಸಿಕೊಳ್ಳಬೇಕಾದ ಮಾತು.

ಕೊನೆಗೆ ಸ್ಟಾರ್ಟ್ ಮಾಡದೆ ಕೀ ಆನ್, ಆಫ್, ಆನ್, ಆಫ್. ಪ್ರತಿ ಸಲ ಪಂಪು ಎರಡು ಮೂರು ಸೆಕೆಂಡ್ ಓಡಿ ರೈಲಿನಲ್ಲಿ ಒತ್ತಡ ತುಂಬುತ್ತದೆ. ಟಾರ್ಚ್ ಬಿಟ್ಟು ಎಂಟೂ ಜಾಗ ನೋಡಿದೆವು. ಒಣಗಿತ್ತು. ಆಮೇಲೆ ಸ್ಟಾರ್ಟ್.

ಕುರುಗೋಡಿನಲ್ಲಿ ಇಪ್ಪತ್ತು ನಿಮಿಷ

ತಣ್ಣಗಿರುವಾಗ ಸೋರದಿರುವುದು ಅರ್ಧ ಪರೀಕ್ಷೆ. ಉಳಿದರ್ಧಕ್ಕೆ ಬಿಸಿಲಲ್ಲಿ ಓಡಿಸಿ, ನಿಲ್ಲಿಸಿ, ಕಾವು ಏರಲು ಬಿಟ್ಟು ಮತ್ತೆ ನೋಡಬೇಕು. ಸಿರುಗುಪ್ಪಕ್ಕೆ ಹೇಗೂ ಹೋಗಬೇಕಿತ್ತು. ನೇರ ಹೆದ್ದಾರಿ ಬಿಟ್ಟು ಕುರುಗೋಡಿನ ದಾರಿ ಹಿಡಿದೆವು. ತೊಂದರೆ ಬಂದರೆ ಬಳ್ಳಾರಿಗೆ ವಾಪಸಾಗಲು 30 ಕಿಲೋಮೀಟರ್ ಆಸುಪಾಸು ಅಷ್ಟೇ.

ಕುರುಗೋಡು ಈಗ ತಾಲ್ಲೂಕು ಕೇಂದ್ರ. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಸಾಮಂತರಾಗಿದ್ದ ಸಿಂದರು ಇಲ್ಲಿಂದ ಆಳಿದರು. ಊರಿನ ಹೆಸರು ಹೇಳಿದರೆ ಮೊದಲು ನೆನಪಾಗೋದು ದೊಡ್ಡಬಸವೇಶ್ವರ. ಗರ್ಭಗುಡಿಯಲ್ಲಿ ಒಂದೇ ಕಲ್ಲಿನಲ್ಲಿ ಕಡೆದ ಆಳೆತ್ತರ ಮೀರಿದ ಬಸವಣ್ಣ. ಸುತ್ತ ಬಂಡೆ ಪೇರಿಸಿಟ್ಟಂಥ ಗುಡ್ಡಗಳು, ಮೇಲೆ ಕೋಟೆಯ ಗೋಡೆ. ಹಂಪಿಗೆ ಹೋಗುವ ನನ್ನ ಬೆಂಗಳೂರು ಗೆಳೆಯರು ಈ ಕಡೆ ತಿರುಗುವುದೇ ಇಲ್ಲ. ತಿರುಗಿದರೆ ಅದೇ ಬಂಡೆ, ಅದೇ ಬಿಸಿಲು, ಆದರೆ ಸೆಲ್ಫಿಗೆ ಕ್ಯೂ ಇಲ್ಲದ ಊರು ಸಿಗುತ್ತದೆ.

ಕಾರನ್ನು ಬಿಸಿಲಲ್ಲೇ ನಿಲ್ಲಿಸಿ ಬಸವಣ್ಣನ ದರ್ಶನ ಮುಗಿಸಿದೆವು. ಹೋಟೆಲಿನಲ್ಲಿ ಒಗ್ಗರಣೆ, ಮಿರ್ಚಿ ತಿಂದೆವು. ಇಪ್ಪತ್ತು ನಿಮಿಷಕ್ಕೆ ಬಂದು ಬಾನೆಟ್ ಎತ್ತಿದರೆ ಮುಖಕ್ಕೆ ಬಿಸಿಗಾಳಿ ಹೊಡೆಯಿತು. ವಾಸನೆ ಇರಲಿಲ್ಲ. ಕೀ ಒಂದೇ ಸಲ ತಿರುಗಿಸಿದರು ಅಪ್ಪ, ಎಂಜಿನ್ ಹಿಡಿದುಕೊಂಡಿತು. ಐಡಲ್ ಮುಳ್ಳು ಅಲ್ಲಾಡಲಿಲ್ಲ.

ಸಿರುಗುಪ್ಪ: ಭತ್ತ, ನುಚ್ಚು, ಒಂದು ಕೊಂಡಿ

ಕುರುಗೋಡು ದಾಟಿ ಸಿರುಗುಪ್ಪದ ಕಡೆ ಹೋದಂತೆ ನೆಲದ ಬಣ್ಣ ಬದಲಾಗುತ್ತದೆ. ಬಂಡೆ ಹಿಂದೆ ಉಳಿದು ಕಾಲುವೆ ಬರುತ್ತದೆ, ಕಣ್ಣು ಹಾಯಿಸಿದಷ್ಟು ದೂರ ಭತ್ತ. ಬಳ್ಳಾರಿ ಬಿಸಿಲಿನಿಂದ ಬಂದವರಿಗೆ ಇದು ಬೇರೆ ಜಿಲ್ಲೆಯೇನೋ ಅನಿಸಬೇಕು. ತುಂಗಭದ್ರೆಯ ನೀರು ಮಾಡಿದ ಮಾಯೆ. ಊರು ಹತ್ತಿರ ಬಂದಂತೆ ರೈಸ್ ಮಿಲ್ಲುಗಳ ಚಿಮಣಿ, ಹೊಟ್ಟಿನ ವಾಸನೆ.

ಮಿಲ್ಲಿನಲ್ಲಿ ಇಡೀ ಅಕ್ಕಿಯ ಜೊತೆಗೆ ನುಚ್ಚೂ ಬರುತ್ತದೆ. ನಮ್ಮ ದೇಶದಲ್ಲಿ ಎಥೆನಾಲ್ ಮಾಡುವುದು ಕಬ್ಬಿನಿಂದ, ಮೆಕ್ಕೆಜೋಳದಿಂದ, ಜೊತೆಗೆ ಇಂಥ ನುಚ್ಚಕ್ಕಿಯಿಂದಲೂ. ಅಂದರೆ ಇಂಥ ಊರಿನ ಬೆಳೆಗೆ ಇನ್ನೊಬ್ಬ ಗಿರಾಕಿ ಸಿಕ್ಕಂತಾಯಿತು. ಅದೇ ಎಥೆನಾಲ್ ತಿರುಗಿ ಬಂದು ಇದೇ ರಸ್ತೆಯಲ್ಲಿ ಓಡುವ ಹಳೆಯ ಕಾರಿನ ಉಂಗುರವನ್ನು ತಿನ್ನುತ್ತದೆ. ಲೀಟರಿಗೆ ಲೆಕ್ಕ ಹಾಕಿದರೆ ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಶಕ್ತಿ ಕಡಿಮೆ, ಮೈಲೇಜೂ ಸ್ವಲ್ಪ ಇಳಿಯುತ್ತದೆ. ರೈತನಿಗೆ ಲಾಭ, ಹಳೇ ಕಾರಿನವನಿಗೆ ಸಣ್ಣ ಖರ್ಚು. ನಮ್ಮ ಮನೆಯಲ್ಲಿ ಎರಡೂ ಕಡೆಯವರು ಇದ್ದಾರೆ. ಹಾಗಾಗಿ ಊಟದ ಹೊತ್ತಿಗೆ ಈ ವಾದ ಎತ್ತಿದರೆ ಅನ್ನ ಆರುತ್ತದೆ.

ದೊಡ್ಡವ್ವನ ಮನೆಯಲ್ಲಿ ಅಪ್ಪ ಜೇಬಿನಿಂದ ಮುರಿದ ಸೀಲಿನ ತುಂಡು ತೆಗೆದು ತೋರಿಸಿದರು. ಗದ್ದೆಯಿಂದ ಬಂದಿದ್ದ ದೊಡ್ಡಪ್ಪನ ಮಗ ಅದನ್ನು ತಿರುಗಿಸಿ ನೋಡಿ, "ಡ್ಯಾಮಿನ ಕೊಂಡಿ ಇದ್ದಂಗ ಐತಲ್ಲ" ಅಂದ.

ಈ ಭಾಗದವರಿಗೆ ಆ ಮಾತು ಬಿಡಿಸಿ ಹೇಳಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋಯಿತು. ಗೇಟಿನ ಸರಪಳಿಯ ಕೊಂಡಿ ತುಂಡಾಗಿತ್ತು. 1953ರಿಂದ ನೀರು ಹಿಡಿದಿಟ್ಟ ಕಲ್ಲಿನ ಗೋಡೆ ಜಗ್ಗಲಿಲ್ಲ, ಸೋತದ್ದು ಸರಪಳಿ. ತುಂಬಿದ ಜಲಾಶಯದ ನೀರು ಕಣ್ಣೆದುರೇ ಹರಿದು ಹೋಗುತ್ತಿದ್ದಾಗ ಸಿರುಗುಪ್ಪದ ಗದ್ದೆಗಳಲ್ಲಿ ಯಾರೂ ನಿದ್ದೆ ಮಾಡಿರಲಿಲ್ಲ. ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ನೀರು ಹರಿಯುತ್ತಿರುವಾಗಲೇ ಉಕ್ಕಿನ ಸ್ಟಾಪ್‌ಲಾಗ್‌ಗಳನ್ನು ಇಳಿಸಿ ಒಂದು ವಾರದಲ್ಲಿ ಹರಿವು ತಡೆದರು. ಆ ವಾರ ಬೆಳೆ ಉಳಿಯುತ್ತೋ ಇಲ್ಲವೋ ಅಂತ ಕಾದವರಲ್ಲಿ ಇವನೂ ಒಬ್ಬ.

"ಗ್ವಾಡಿ ನೋಡಾಕ ಎಲ್ಲಾರೂ ಬರ್ತಾರ. ಕೊಂಡಿ ನೋಡಾಕ ಯಾರು ಬರ್ತಾರ?" ಅಂತ ಸೀಲನ್ನು ಅಪ್ಪನ ಕೈಗೆ ಕೊಟ್ಟ.

ಸಂಜೆ ಬಿಸಿಲಿಳಿದ ಮೇಲೆ ದೊಡ್ಡವ್ವನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟೆವು. ಈ ಸಲ ಟೆಕ್ಕಲಕೋಟೆ ಮೇಲೆ, 150ಎ ಹೆದ್ದಾರಿಯಲ್ಲಿ. ಬಳ್ಳಾರಿಗೆ 50 ಚಿಲ್ಲರೆ ಕಿಲೋಮೀಟರ್. ಅರ್ಧ ದಾರಿಯಲ್ಲಿ ದೊಡ್ಡವ್ವ ಗಾಜು ಏರಿಸಲು ಹೇಳಿದರು, ಗಾಳಿಗೆ ಕಣ್ಣು ಉರಿಯುತ್ತಿತ್ತು. ಅಪ್ಪ ನಾಲ್ಕೂ ಗಾಜು ಏರಿಸಿದರು. ಹಿಂದಿನ ಸಲ ವಾಸನೆಗೆ ಹೆದರಿ ಆ ಗಾಜುಗಳನ್ನು ಇಳಿಸಿಯೇ ಬಂದಿದ್ದರಂತೆ, ಪಟ್ಟಿ ಕಟ್ಟಿದ ಕಣ್ಣಿಗೆ ದಾರಿಯುದ್ದಕ್ಕೂ ಸೆರಗು ಒತ್ತಿಕೊಂಡು ಕೂತಿದ್ದರಂತೆ.

ನಿಮ್ಮ ಊರಿನ ಮನೆಯ ಕಾರಿಗೂ

ನಮ್ಮಲ್ಲಿ ಬಹಳ ಜನರ ಅಪ್ಪ ಅಮ್ಮ ಊರಲ್ಲಿ ಇಂಥದ್ದೇ ಒಂದು ಹಳೆಯ ಕಾರು ಇಟ್ಟುಕೊಂಡಿರುತ್ತಾರೆ. ನಾವು ಫೋನಿನಲ್ಲಿ "ಮಾರಿಬಿಡಿ, ಹೊಸದು ತಗೊಳ್ಳೋಣ" ಅಂತೀವಿ, ಅವರು ಮಾರಲ್ಲ. ಆ ಜಗಳ ಮುಗಿಯುವವರೆಗೆ ಕಾರು ಓಡುತ್ತಲೇ ಇರುತ್ತದಲ್ಲ, ಅದು ಸುರಕ್ಷಿತವಾಗಿ ಓಡಲಿ.

ಮುಂದಿನ ಸಲ ಊರಿಗೆ ಹೋದಾಗ ಅರ್ಧ ಗಂಟೆ ಓಡಿಸಿ, ನಿಲ್ಲಿಸಿ, ಇಪ್ಪತ್ತು ನಿಮಿಷ ಬಿಟ್ಟು ಬಾನೆಟ್ ಎತ್ತಿ. ಬೀಡಿ, ಸಿಗರೇಟು, ಲೈಟರು ಹತ್ತಿರ ಬೇಡ. ಪೆಟ್ರೋಲ್ ವಾಸನೆ ಬಂದರೆ ಸ್ಟಾರ್ಟ್ ಮಾಡಬೇಡಿ, ಮೇಸ್ತ್ರಿಯನ್ನೇ ಮನೆಗೆ ಕರೆಸಿ. ಹತ್ತು ವರ್ಷ ದಾಟಿದ ಕಾರಾದರೆ ಇಂಜೆಕ್ಟರ್ ಸೀಲು, ಪೆಟ್ರೋಲ್ ಪೈಪು, ಕನೆಕ್ಟರ್ ಕೊಕ್ಕೆ ಮೂರನ್ನೂ ಒಟ್ಟಿಗೆ ತೋರಿಸಿ. ಬಿಚ್ಚಿದ ಸೀಲನ್ನು ಮತ್ತೆ ಹಾಕಲು ಬಿಡಬೇಡಿ, ಚೆನ್ನಾಗಿ ಕಂಡರೂ ಸರಿ. ಹೊಸದರ ಪ್ಯಾಕನ್ನು ನೀವೇ ನೋಡಿ. ಯೂಟ್ಯೂಬ್ ನೋಡಿ ಮನೆಯಲ್ಲೇ ಬಿಚ್ಚುವ ಉತ್ಸಾಹ ಬೇಡ, ಒತ್ತಡದ ಪೆಟ್ರೋಲ್ ಕಣ್ಣಿಗೆ ಹಾರಿದರೆ ಕೆಲಸ ಕೆಡುತ್ತದೆ. ಅನುಭವಿ ಮೇಸ್ತ್ರಿಗೆ ಇದು ಅರ್ಧ ದಿನದ ಕೆಲಸ.

ಬಳ್ಳಾರಿ ಕಡೆ ಬರುವುದಾದರೆ ನವೆಂಬರಿನಿಂದ ಜನವರಿ ಒಳಗೆ ಬನ್ನಿ. ಬೆಳಗ್ಗೆ ಬೇಗ ಬಳ್ಳಾರಿ ಗುಡ್ಡ ಹತ್ತಿ, ಕುರುಗೋಡಿನಲ್ಲಿ ಮಿರ್ಚಿ ತಿಂದು, ಸಂಜೆಗೆ ಸಿರುಗುಪ್ಪದ ಹೊಳೆದಂಡೆ ಸೇರಬಹುದು. ಸುಗ್ಗಿ ಇರುತ್ತದೆ, ರಸ್ತೆ ತುಂಬ ಭತ್ತದ ಟ್ರ್ಯಾಕ್ಟರುಗಳು ಇರುತ್ತವೆ. ಹಾರ್ನ್ ಹೊಡೆಯದೆ ಸ್ವಲ್ಪ ನಿಧಾನವಾಗಿ ಹಿಂದೆ ಬನ್ನಿ.